ಅರ್ಧ ಹಾಲು, ಒಂಬತ್ತು ತಿರುವು

ಕಣಜ ಅತ್ತಿಗೆಯ ಹುಬ್ಬಿಗೆ ಕುಟುಕಿದ್ದು ಬೆಳಗಿನ ಹತ್ತೂಕಾಲಿಗೆ. ಹತ್ತೂಮುಕ್ಕಾಲರ ಹೊತ್ತಿಗೆ ಅವರ ಬಲಗಣ್ಣು ಹೊತ್ತು ಮುಳುಗಿದ ಮೇಲಿನ ಅಂಗಡಿಯ ಹಾಗೆ ಬಾಗಿಲು ಹಾಕಿಕೊಂಡಿತ್ತು.

“ಇನ್ನೊಂದು ಕಣ್ಣಿದೆಯಲ್ಲ ಅತ್ತಿಗೆ,” ಎಂದೆ.

“ಒಂದು ಕಣ್ಣು ಮುಚ್ಕೊಂಡು ಸೂಜಿಗೆ ದಾರ ಪೋಣಿಸಿ ನೋಡು. ಆಮೇಲೆ ಹದಿನೇಳು ಮೀಟರ್ ಗಾಡೀನ ತಿರುವಿಗೆ ಪೋಣಿಸೋ ಮಾತಾಡು.”

ನಾವಿಬ್ಬರೂ ಒಂದೇ ಹಾಲಿನ ಟ್ಯಾಂಕರಿನ ಚಾಲಕರು. ಮುಂದೆ ಎಳೆಯುವ ಗಾಡಿ, ಅದರ ಬೆನ್ನಿಗೆ ಕೊಂಡಿ ಹಾಕಿದ ಟ್ರೇಲರು, ಟ್ರೇಲರಿನ ಮೇಲೆ ಉದ್ದಕ್ಕೆ ಮಲಗಿದ ಸ್ಟೀಲಿನ ಟ್ಯಾಂಕು. ಅತ್ತಿಗೆ ಹದಿನಾಲ್ಕು ವರ್ಷದಿಂದ ಈ ಬೆಟ್ಟ ಇಳಿಸುತ್ತಿದ್ದಾರೆ. ಉಯ್ಯಾಲೆಯಲ್ಲಿ ಕೂತರೂ ತಲೆ ಸುತ್ತುವ ನನ್ನಣ್ಣ ಬೆಟ್ಟದ ಬುಡದ ಡೇರಿಯ ಲ್ಯಾಬಿನಲ್ಲಿ ಹಾಲಿನ ಕೊಬ್ಬು ಅಳೆಯುತ್ತಾನೆ. ನನ್ನ ಕೊಬ್ಬು ಅಳೆಯುವ ಕೆಲಸ ಅತ್ತಿಗೆಯದು.

ನಾನು ಬಿ.ಎ. ಮುಗಿಸಿ, ಕಾಲೇಜಿನ ಪ್ರಿನ್ಸಿಪಾಲರಿಂದ ಹಿಡಿದು ಜವಾನನವರೆಗೆ ಎಲ್ಲರ ದನಿ ತೆಗೆಯುವುದನ್ನು ಕಲಿತು, ಕೊನೆಗೆ ಭಾರಿ ವಾಹನದ ಲೈಸೆನ್ಸನ್ನೂ ತೆಗೆದವನು. ಎರಡು ವರ್ಷವಾದರೂ ನನ್ನ ಪಾಲಿಗೆ ಬಂದಿದ್ದು ಬೆಟ್ಟದ ಮೇಲಿನ ಸಪಾಟು ರಸ್ತೆ ಮಾತ್ರ. ಹಾಲು ತುಂಬಿಸಿಕೊಂಡು ಊರೂರು ದಾಟಿ ಬೆಟ್ಟದ ಅಂಚಿನ ಡೇರಿಗೆ ಬಂದ ಮೇಲೆ ನಾನು ಪಕ್ಕದ ಸೀಟು, ಅತ್ತಿಗೆ ಸ್ಟಿಯರಿಂಗು. ಹೀಗಾಗಿ ಬೆಟ್ಟದ ಬುಡದ ಲಾರಿ ನಿಲ್ದಾಣದಲ್ಲಿ ನನಗೆ ‘ಸ್ಕೇಲು’ ಎಂದು ಹೆಸರು. “ಏನಪ್ಪಾ ಸ್ಕೇಲು, ಇವತ್ತೂ ಗೆರೆ ಎಳ್ಕೊಂಡು ಬಂದ್ಯಾ?” ಎಂದು ಕೇಳದೆ ಯಾರೂ ನನಗೆ ಟೀ ಕೊಡುವುದಿಲ್ಲ.

ಆ ದಿನ ಅಂಚಿನ ಡೇರಿಯವರು ಅರ್ಧ ಟ್ಯಾಂಕು ಇಳಿಸಿಕೊಂಡು ಕವಾಟ ಮುಚ್ಚಿಬಿಟ್ಟರು. ಅವರ ದಾಸ್ತಾನು ಕಂಠಮಟ್ಟ ತುಂಬಿತ್ತು. ಉಳಿದರ್ಧವನ್ನು ಬುಡದ ಡೇರಿಗೆ ಒಯ್ಯಬೇಕು.

ಕೇಳಿದವರಿಗೆ ಅರ್ಧ ಭಾರ ಅಂದರೆ ಅರ್ಧ ಕಷ್ಟ ಅನ್ನಿಸಬಹುದು. ಅದು ಉಲ್ಟಾ. ಎಣ್ಣೆ ಟ್ಯಾಂಕಿನ ಹೊಟ್ಟೆಯೊಳಗೆ ಅಡ್ಡಗೋಡೆಗಳಿರುತ್ತವೆ, ಅಲೆ ಏಳದಂತೆ ತಡೆಯುತ್ತವೆ. ಹಾಲಿನ ಟ್ಯಾಂಕಿಗೆ ಅವಿಲ್ಲ. ಗೋಡೆಯಿದ್ದರೆ ಮೂಲೆ, ಮೂಲೆಯಿದ್ದರೆ ಕೊಳೆ, ಕೊಳೆಯಿದ್ದರೆ ಹಾಲು ಒಡೆಯುತ್ತದೆ. ಆದ್ದರಿಂದ ಒಳಗೆ ಈ ತುದಿಯಿಂದ ಆ ತುದಿಗೆ ನುಣ್ಣಗಿನ ಕೊಳವೆ. ತುಂಬಿದ ಕೊಡ ತುಳುಕುವುದಿಲ್ಲ, ಖಾಲಿ ಕೊಡದಲ್ಲಿ ತುಳುಕಲು ಏನೂ ಇಲ್ಲ. ಅರೆಗೊಡ ಮಾತ್ರ, ನೀವು ಬ್ರೇಕು ಒತ್ತಿದರೆ ಮುಂದಕ್ಕೆ ಗುದ್ದುತ್ತದೆ, ನೀವು ತಿರುಗಿದರೆ ಗೋಡೆ ಹತ್ತಿ ಇಡೀ ಗಾಡಿಯನ್ನು ಹೊರಕ್ಕೆ ಎಳೆಯುತ್ತದೆ.

ಅತ್ತಿಗೆ ಗೇಟಿನ ಕೋಣೆಯ ಫೋನಿನಿಂದ ದಾರಿ ಸಾಹೇಬರಿಗೆ ವಿಷಯ ತಿಳಿಸಿದರು. ದಾರಿ ಸಾಹೇಬರೆಂದರೆ ಬೆಟ್ಟದ ಬುಡದ ಕಚೇರಿಯಲ್ಲಿ ಕೂತು ದಾರಿ ಕೊಡುವವರು. ಬೆಟ್ಟದಲ್ಲಿ ಒಂಬತ್ತು ಕಡಿದಾದ ತಿರುವು. ಉದ್ದದ ಗಾಡಿ ತಿರುಗುವಾಗ ಮುಂಗಾಲು ಹೊರ ಅಂಚಿನಲ್ಲಿ, ಹಿಂಗಾಲು ಒಳ ಅಂಚಿನಲ್ಲಿ. ಮಧ್ಯೆ ರಸ್ತೆಯೇ ಉಳಿಯುವುದಿಲ್ಲ. ಹಾಗಾಗಿ ಒಂದು ಸಲಕ್ಕೆ ಒಂದೇ ಉದ್ದದ ಗಾಡಿ, ಒಂದೋ ಹತ್ತಬೇಕು, ಇಲ್ಲವೋ ಇಳಿಯಬೇಕು. ಸಾಹೇಬರು ಫೋನಿನಲ್ಲಿ “ದಾರಿ ಕೊಟ್ಟಿದ್ದೀನಿ” ಎನ್ನುವವರೆಗೆ ಯಾರೂ ಚಕ್ರ ಉರುಳಿಸುವಂತಿಲ್ಲ. ಬರಹವಿಲ್ಲ, ಚೀಟಿಯಿಲ್ಲ. ಅವರ ದನಿಯೇ ಸಹಿ.

“ಕಣ್ಣು ಹೋಯ್ತಾ? ಹಾಲೂ ಅರ್ಧ ಉಳೀತಾ? ಅಲ್ಲೇ ಇರಿ. ನೋಡಿ ಹೇಳ್ತೀನಿ,” ಎಂದರಂತೆ ಸಾಹೇಬರು.

ಅತ್ತಿಗೆ ಬಟ್ಟೆಯಲ್ಲಿ ಐಸು ಕಟ್ಟಿ ಕಣ್ಣಿಗೆ ಒತ್ತಿಕೊಂಡು ಗೇಟಿನ ಕೋಣೆಯಲ್ಲಿ ಕೂತರು. ನಾನು ಅಂಗಳದಲ್ಲಿ ಶತಪಥ ಹಾಕಿದೆ. ಸಾಹೇಬರು ಇನ್ನೊಬ್ಬ ಚಾಲಕನನ್ನು ಕಳಿಸುತ್ತಾರೆ. ಅವನು ನನ್ನ ಸ್ಟಿಯರಿಂಗ್ ಹಿಡಿದು ಬೆಟ್ಟ ಇಳಿಸುತ್ತಾನೆ. ನಾನು ಇಬ್ಬರ ನಡುವೆ ಪುಸ್ತಕದ ಗುರುತುಪಟ್ಟಿಯ ಹಾಗೆ ಸಿಕ್ಕಿಕೊಂಡು ಹೋಗಿ ನಿಲ್ದಾಣದಲ್ಲಿ ಇಳಿಯುತ್ತೇನೆ. ನಾಳೆಯ ಟೀಗೆ ಇದಕ್ಕಿಂತ ಒಳ್ಳೆಯ ಸಕ್ಕರೆ ಬೇಕೆ ಅವರಿಗೆ?

ತೂಕದ ಕೋಣೆ ಖಾಲಿಯಿತ್ತು. ತೂಕದವನು ಕೈ ತೊಳೆಯಲು ಹೋಗಿದ್ದ. ಮೇಜಿನ ಮೇಲೆ ಡೇರಿಯ ಕೋಣೆ ಕೋಣೆಗೂ ಕರೆ ಹೋಗುವ ಒಳಗಿನ ಫೋನು. ಕಿಟಕಿಯಿಂದ ಗೇಟಿನ ಕೋಣೆ ಕಾಣುತ್ತಿತ್ತು. ನಾಲಿಗೆಗೆ ಎಲುಬಿಲ್ಲ ಎನ್ನುತ್ತಾರೆ. ಆ ದಿನ ನನ್ನ ಬೆರಳಿಗೂ ಇರಲಿಲ್ಲ.

ಸಾಹೇಬರದು ಮೂಗಿನಿಂದ ಬರುವ ದನಿ. ಮಾತಿನ ಮಧ್ಯೆ ಟೀ ಹೀರುತ್ತಾರೆ, ಮಾತಿನ ಕೊನೆಗೆ ಬಾಲ ಅಂಟಿಸುತ್ತಾರೆ.

“ನೋಡೀಮ್ಮಾ,” ಎಂದೆ ಮೂಗಿನಿಂದ. “ಯೋಚ್ನೆ ಮಾಡ್ದೆ. ನಿಮ್ಮ ಮೈದುನ ಇಳಿಸ್ಲಿ. ನೀವು ಪಕ್ಕದಲ್ಲಿ ಕೂತು ಹೇಳಿ. ಅರ್ಥ ಆಯ್ತಾ, ಆಯ್ತು ತಾನೆ?”

ಕಿಟಕಿಯಾಚೆ ಅತ್ತಿಗೆ ಎದ್ದು ನಿಂತಿದ್ದು ಕಾಣಿಸಿತು. ಫೋನಿನಲ್ಲೂ ಸಾಹೇಬರಿಗೆ ಎದ್ದು ನಿಲ್ಲುವವರು ಅವರು.

“ಅರ್ಧ ಟ್ಯಾಂಕು ಸಾಹೇಬ್ರೇ. ಅವನು ತುಂಬಿದ್ದನ್ನೂ ಇಳಿಸಿಲ್ಲ.”

ಇಲ್ಲದ ಟೀಯನ್ನು ಸೊರ್ರೆಂದು ಹೀರಿದೆ. “ಗೊತ್ತಮ್ಮಾ. ಇವತ್ತಲ್ಲ ನಾಳೆ ಕಲೀಬೇಕಲ್ಲ? ದಾರಿ ಕೊಟ್ಟಿದ್ದೀನಿ. ಹೊರಡಿ.”

ಹೊರಗೆ ಬಂದ ಅತ್ತಿಗೆ ಬೀಗದಕೈಯನ್ನು ನನ್ನತ್ತ ಎಸೆದರು. “ಸಾಹೇಬ್ರಿಗೆ ನಿನ್ನ ಮೇಲೆ ನಂಬಿಕೆ ಬಂದಿದೆಯಂತೆ. ನನಗೆ ಬಂದಿಲ್ಲ. ಆದ್ರೆ ಅವ್ರು ದಾರಿ ಕೊಟ್ಟ ಮೇಲೆ ಮಾತಿಲ್ಲ. ಹತ್ತು.”

ನಾನು ಹತ್ತಿದೆ. ಎದೆ ಹಾರುತ್ತಿತ್ತು. ಅದು ಹೆದರಿಕೆಯಲ್ಲ, ಹಿಗ್ಗು. ಇಂಥ ಹಿಗ್ಗೇ ಕಡೆಗೆ ಮುಗ್ಗರಿಸುತ್ತದೆ ಎಂದು ಹೇಳಲು ಅಲ್ಲಿ ಯಾರೂ ಇರಲಿಲ್ಲ.

ಗೇಟು ದಾಟಿದ್ದೇ ರಸ್ತೆ ಮೂಗು ಕೆಳಗೆ ಮಾಡಿತು. ಅತ್ತಿಗೆಯ ದನಿಯಲ್ಲಿದ್ದ ಅತ್ತಿಗೆತನ ಹೋಯಿತು.

“ಎರಡನೇ ಗೇರು. ಎಂಜಿನ್ ಬ್ರೇಕು ಹಾಕು. ಮುಂದಿನದು ಮೊದಲ್ನೇ ತಿರುವು. ಕಾಲಿನ ಬ್ರೇಕು ಏನಿದ್ರೂ ಈಗ, ನೆಟ್ಟಗಿರೋ ರಸ್ತೇಲಿ. ತಿರುವಿನೊಳಗೆ ಬ್ರೇಕು ಮುಟ್ಟಿದ್ರೆ ಕೈ ಮುರೀತೀನಿ.”

“ಬ್ರೇಕು ಕಾಲಲ್ಲಲ್ವಾ ಅತ್ತಿಗೆ?”

“ಕಾಲನ್ನ ಊರಿಗೆ ಹೋದ್ಮೇಲೆ ಮುರೀತೀನಿ. ಈಗ ಅದು ಬೇಕು.”

ಒತ್ತಿದೆ. ಗಾಡಿ ನಿಧಾನವಾಯಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಹಿಂದಿನಿಂದ ಯಾರೋ ದಿಂಬಿನಿಂದ ಬೆನ್ನಿಗೆ ಹೊಡೆದಂತೆ ಧಪ್ಪೆಂದು ನೂಕು. ಗಾಡಿ ಮುಂದಕ್ಕೆ ಜಿಗಿಯಿತು.

“ಅದು ಹಾಲು,” ಎಂದರು ಅತ್ತಿಗೆ. “ಮುಂದಕ್ಕೆ ಹೋಯ್ತು, ಗುದ್ದಿತು. ಈಗ ಹಿಂದಕ್ಕೆ ಹೋಗುತ್ತೆ. ಬಿಡು, ಹೋಗ್ಲಿ. ಇನ್ನೊಂದು ಸಲ ಬರುತ್ತೆ, ಸಣ್ಣಗೆ. ಬಂತಾ? ಈಗ ತಿರುಗು. ಮೊದ್ಲು ಹೊರಕ್ಕೆ ಹೋಗು. ಇನ್ನೂ ಹೊರಕ್ಕೆ. ಕಣಿವೆ ನೋಡ್ಬೇಡ, ಕನ್ನಡಿ ನೋಡು.”

ಒಳಬದಿಯ ಕನ್ನಡಿಯಲ್ಲಿ ಟ್ರೇಲರಿನ ಹಿಂದಿನ ಚಕ್ರಗಳು ನನ್ನ ಹಿಂದೆ ಬರುತ್ತಿರಲಿಲ್ಲ. ಅವು ತಮ್ಮದೇ ಅಡ್ಡದಾರಿ ಹಿಡಿದು, ತಿರುವಿನ ಒಳಮೂಲೆಯ ಚರಂಡಿಯತ್ತ ಸರಿಯುತ್ತಿದ್ದವು. ಒಂದು ಮೊಳ. ಒಂದು ಗೇಣು.

“ಅತ್ತಿಗೆ, ಚರಂಡಿ…”

“ಸ್ಟಿಯರಿಂಗು ಒಂದು ಚೂರು ವಾಪಸ್ ಬಿಡು. ಹಾಂ. ಈಗ ಮತ್ತೆ ಹಿಡಿ.”

ಚಕ್ರ ಚರಂಡಿಯ ತುಟಿಯನ್ನು ಸವರಿಕೊಂಡು ಮೇಲೆ ಬಂತು. ಟ್ಯಾಂಕು ಹೊರಕ್ಕೆ ವಾಲಿ, ಒಮ್ಮೆ ಯೋಚಿಸಿ, ನೆಟ್ಟಗಾಯಿತು. ಅಂಗಿ ಬೆನ್ನಿಗೆ ಅಂಟಿಕೊಂಡಿದ್ದು ಆಗ ಗೊತ್ತಾಯಿತು.

ಎರಡನೆಯ ತಿರುವು. ಮೂರನೆಯದು. ನೆಟ್ಟಗಿರುವಾಗ ಬ್ರೇಕು, ಹಾಲಿಗೆ ಎರಡು ಉಸಿರಿನ ಬಿಡುವು, ಆಮೇಲೆ ಸ್ಟಿಯರಿಂಗು. ಅತ್ತಿಗೆ ತೆರೆದ ಒಂದು ಕಣ್ಣಿನಲ್ಲಿ ರಸ್ತೆ ನೋಡುತ್ತಿರಲಿಲ್ಲ. ನನ್ನ ಬಲಗಾಲನ್ನು ನೋಡುತ್ತಿದ್ದರು. ನಾಲ್ಕನೆಯದರಲ್ಲಿ ಗಾಡಿ ತುಸು ಬಿರುಸಾಯಿತು. ಕಾಲು ತಾನಾಗಿಯೇ ಬ್ರೇಕಿನ ಕಡೆ ಹೋಯಿತು.

“ಕಾಲು!”

ತೆಗೆದೆ. ಆದರೂ ಒಂದು ಬೆರಳಿನಷ್ಟು ಒತ್ತಿದ್ದೆ. ಅಷ್ಟಕ್ಕೇ ಟ್ರೇಲರು ಹಿಂದಿನಿಂದ ನಮ್ಮನ್ನು ಪಕ್ಕಕ್ಕೆ ತಳ್ಳಿತು, ಮಡಚುವ ಚಾಕುವಿನ ಅಲಗು ಹಿಡಿಯತ್ತ ಬರುವಂತೆ. ಹೊರಬದಿಯ ಟೈರುಗಳು ಕೀರಲು ದನಿ ತೆಗೆದವು. ಅಂಚಿನ ಕಲ್ಲುಕಂಬವೊಂದು ಬಾಗಿಲಿನ ಪಕ್ಕದಲ್ಲೇ ಹಾದುಹೋಯಿತು. ಅದರ ಮೇಲೆ ಬಳಿದಿದ್ದ ಬಿಳಿ ಬಣ್ಣದ ಬಿರುಕುಗಳನ್ನೂ ಎಣಿಸಬಹುದಿತ್ತು.

ಗಾಡಿ ಮತ್ತೆ ನೆಟ್ಟಗಾಯಿತು.

“ಹಾಲು ಕುಡಿದ ಮಕ್ಕಳೇ ಬದುಕಲ್ಲ ಅಂತಾರೆ,” ಎಂದರು ಅತ್ತಿಗೆ, “ನೀನು ಹಾಲು ಹೊತ್ಕೊಂಡು ಆಟ ಆಡ್ತೀಯ.”

ಐದನೆಯ ತಿರುವು ಬಂತು. ಇದು ದೊಡ್ಡದು, ಬೆಟ್ಟದ ಹೊರಮೈಗೆ ಚಾಚಿಕೊಂಡದ್ದು. ಇಡೀ ಇಳಿಜಾರಿನಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ಇಲ್ಲಿ ಮಾತ್ರ. ತಿರುವು ಮುಗಿಸಿ ಗಾಡಿ ನೆಟ್ಟಗಾಗುತ್ತಿದ್ದಂತೆ ಅತ್ತಿಗೆಯ ಫೋನು ಬಡಿದುಕೊಂಡಿತು. ಅವರು ಕಿವಿಗಿಟ್ಟರು. ಆಚೆಯ ದನಿ ನನಗೂ ಕೇಳುವಷ್ಟು ದೊಡ್ಡದಾಗಿತ್ತು. ಮೂಗಿನ ದನಿ. ಆದರೆ ಟೀ ಹೀರುವಷ್ಟು ಪುರಸೊತ್ತು ಅದಕ್ಕಿರಲಿಲ್ಲ.

“ಎಲ್ಲಿದ್ದೀರಮ್ಮಾ? ಗೇಟಿನವನು ಹೊರಟುಹೋದ್ರು ಅಂತಾನೆ! ಎಷ್ಟು ಸಲ ಫೋನ್ ಮಾಡೋದು?”

“ಐದರ ಹತ್ರ ಸಾಹೇಬ್ರೇ. ನೀವೇ ದಾರಿ ಕೊಟ್ರಲ್ಲ.”

“ನಾನಾ? ನಾನು ದಾರಿ ಕೊಟ್ಟಿರೋದು ಪೈಪಿನ ಟ್ರೇಲರಿಗೆ! ಅದು ಹತ್ತೋಕೆ ಶುರು ಮಾಡಿ ಇಪ್ಪತ್ತು ನಿಮಿಷ ಆಯ್ತು. ನಿಮ್ಮ ಗಾಡಿ ಇಳಿಸೋಕೆ ನಮ್ಮ ಹಳೇ ಡ್ರೈವರ್ ಗಡ್ಡದವರನ್ನೂ ಅದರಲ್ಲೇ ಕಳಿಸಿದ್ದೀನಿ. ಅವರಿಗೆ ಫೋನು ಸಿಗ್ತಿಲ್ಲ. ನಿಲ್ಲಿಸಿ, ಎಲ್ಲಾದ್ರೂ ನಿಲ್ಲಿ…”

ಮಾತು ತುಂಡಾಯಿತು. ಸಿಗ್ನಲ್ ಹಿಂದೆ ಉಳಿದಿತ್ತು.

ಅತ್ತಿಗೆ ಫೋನನ್ನು ತೊಡೆಯ ಮೇಲಿಟ್ಟರು. ತಿರುಗಿ ನನ್ನ ಮುಖ ನೋಡಿದರು. ಊದಿದ ಕಣ್ಣು, ತೆರೆದ ಕಣ್ಣು, ಎರಡೂ ನೋಡಿದಂತಾಯಿತು. ಅವರು ಕೇಳಲಿಲ್ಲ, ಹದಿನಾಲ್ಕು ವರ್ಷ ಮನೆಯಲ್ಲಿ ನನ್ನ ಎಲ್ಲ ದನಿಗಳನ್ನು ಕೇಳಿದವರು.

“ಗಂಟೆಗೆ ಐದು ಕಿಲೋಮೀಟರು,” ಎಂದರು. “ಅದಕ್ಕಿಂತ ಹೆಚ್ಚಾಗಬಾರ್ದು. ಆರರ ಬಾಯಿಗಿಂತ ಮೊದಲು, ಬೆಟ್ಟದ ಕಡೆ, ನಿನ್ನ ಬಲಕ್ಕೆ, ರಸ್ತೆ ಅಗಲ ಇದೆ. ಅಲ್ಲಿಗೆ ಸೇರಿಸ್ಬೇಕು.”

“ಇಲ್ಲೇ ನಿಲ್ಲಿಸ್ಲಾ?”

“ಇಲ್ಲಿ ನಿಂತ್ರೆ ಅವರು ಎಲ್ಲಿ ಹೋಗ್ಬೇಕು? ಏರಿನಲ್ಲಿ ಭಾರ ಹೊತ್ತು ನಿಂತ್ರೆ ಮತ್ತೆ ಹೊರಡೋಕಾಗಲ್ಲ, ಹಿಂದಕ್ಕೆ ಜಾರ್ತಾರೆ. ಹಾರ್ನು ಹೊಡಿ. ಹೊಡೀತಾನೇ ಇರು.”

ಹೊಡೆದೆ. ಬೆಟ್ಟ ಅದನ್ನು ನಾಲ್ಕು ಸಲ ಮಿಮಿಕ್ರಿ ಮಾಡಿತು. ಐದನೆಯ ಸಲ ಕೇಳಿಸಿದ್ದು ಬೆಟ್ಟದ್ದಲ್ಲ. ಕೆಳಗಿನಿಂದ, ದಪ್ಪ ದನಿಯ ಬೇರೆ ಹಾರ್ನು.

“ಆರರ ಒಳಗೇ ಇದ್ದಾರೆ,” ಎಂದರು ಅತ್ತಿಗೆ.

ಆರನೆಯ ತಿರುವಿನಲ್ಲಿ ಬೆಟ್ಟದ ಕಡೆಯೇ ಒಳಬದಿ. ಮೇಲೆ ಬರುವವರ ಟ್ರೇಲರು ಕತ್ತರಿಸುವುದೂ ಒಳಬದಿಯನ್ನೇ. ನಾವು ಅಗಲದ ಜಾಗದಲ್ಲಿ ಪೂರ್ತಿ ಸೇರದಿದ್ದರೆ, ಅವರ ಪೈಪುಗಳ ಹೊರೆ ನಮ್ಮ ಗಾಜಿನ ಮೇಲೆ ಹಾದುಹೋಗುತ್ತದೆ. ಗಾಜಿನ ಹಿಂದೆ, ಕಣಿವೆಯ ಕಡೆಯ ಎಡ ಸೀಟಿನಲ್ಲಿ, ಕೂತಿದ್ದವರು ಅತ್ತಿಗೆ.

“ಕನ್ನಡಿ ನೋಡ್ಕೊಂಡು ಒಳಗೆ ಹಾಕು. ಟ್ರೇಲರು ನೆಟ್ಟಗೆ ಬರ್ಬೇಕು, ಬಾಲ ರಸ್ತೇಲಿ ಬಿಡ್ಬಾರ್ದು. ಮೆತ್ತಗೆ. ಗಾಜಿನ ಲೋಟ ಇಟ್ಟ ಹಾಗೆ.”

ಬೆಟ್ಟದ ಗೋಡೆ ಹತ್ತಿರ ಬಂತು. ಒಂದು ಪೊದೆ ಟ್ಯಾಂಕಿನ ಉದ್ದಕ್ಕೂ ಗೀಚುತ್ತಾ ಸಾಗಿತು. ಕನ್ನಡಿಯಲ್ಲಿ ಟ್ರೇಲರಿನ ಬಾಲ ಇನ್ನೂ ರಸ್ತೆಯಲ್ಲಿತ್ತು. ಇನ್ನೂ ಇತ್ತು. ಈಗ ಸರಿಯಿತು. ಮುಂದೆ, ತಿರುವಿನ ಮೂಲೆಯಲ್ಲಿ, ಹೊಗೆ ಮೊದಲು ಕಾಣಿಸಿತು. ಆಮೇಲೆ ಪೈಪಿನ ಗಾಡಿಯ ಮೂತಿ.

“ಈಗ. ಬ್ರೇಕು.”

ಒತ್ತಿದೆ. ಗಾಡಿ ನಿಂತಿತು. ಉಸಿರು ಬಿಟ್ಟೆ; ಉಸಿರಿನ ಜೊತೆ ಕಾಲನ್ನೂ ಸಡಿಲ ಬಿಟ್ಟೆ.

“ಹಾಲು!” ಎಂದು ಕಿರುಚಿದರು ಅತ್ತಿಗೆ.

ಮರೆತೇಬಿಟ್ಟಿದ್ದೆ. ನಾನು ನಿಂತೆ, ಹಾಲು ನಿಂತಿರಲಿಲ್ಲ. ಟ್ಯಾಂಕಿನ ಹಿಂದಿನಿಂದ ಮುಂದಿನವರೆಗೆ ಓಡಿಬಂದ ಅಷ್ಟೂ ಹಾಲು ಧಡಾರೆಂದು ಗುದ್ದಿತು. ಗಾಡಿ ಒಂದೂವರೆ ಮೊಳ ಮುಂದಕ್ಕೆ ಹೋಯಿತು. ನಾನು ಎರಡೂ ಕಾಲಿನಿಂದ ಬ್ರೇಕಿನ ಮೇಲೆ ನಿಂತೆ. ಮೂತಿ ಅಗಲದ ಜಾಗ ದಾಟಿ ಹೊರಗೆ ಇಣುಕಿತ್ತು.

ಪೈಪಿನ ಗಾಡಿ ನಿಲ್ಲುವಂತಿರಲಿಲ್ಲ. ಅದರ ಚಾಲಕ ನಮ್ಮನ್ನು ನೋಡಿ ಸ್ಟಿಯರಿಂಗನ್ನು ಹೊರಕ್ಕೆ, ಇನ್ನೂ ಹೊರಕ್ಕೆ ತಿರುಗಿಸಿದ. ಅವನ ಮುಂದಿನ ಚಕ್ರ ಕಣಿವೆಯ ಅಂಚಿನ ಕಲ್ಲುಪುಡಿಯ ಮೇಲೆ ಓಡಿತು. ಮೂತಿ ದಾಟಿತು. ಆಮೇಲೆ ಪೈಪುಗಳು. ಒಂದರ ಮೇಲೊಂದು ಪೇರಿಸಿದ ದುಂಡು ಬಾಯಿಗಳು ತಿರುವನ್ನು ಕತ್ತರಿಸುತ್ತ ನಮ್ಮ ಕಡೆಗೇ ಸರಿದು ಬಂದವು.

“ಅತ್ತಿಗೆ, ಈ ಕಡೆ ಬನ್ನಿ!”

ಅವರು ನನ್ನ ಮೇಲೆಯೇ ಬಿದ್ದರು. ಚಟಾರೆಂದು ಅವರ ಕಡೆಯ ಕನ್ನಡಿ ಕಿತ್ತುಹೋಯಿತು. ಬಾಗಿಲಿನ ಉದ್ದಕ್ಕೂ ಕಬ್ಬಿಣ ಕಬ್ಬಿಣವನ್ನು ಉಜ್ಜುವ ಸದ್ದು. ಗಾಜಿನಾಚೆ ಒಂದೊಂದೇ ಪೈಪು, ಮುಗಿಯುವುದೇ ಇಲ್ಲವೇನೋ ಎಂಬಂತೆ. ಆಮೇಲೆ ಕೊನೆಯ ಪೈಪಿಗೆ ಕಟ್ಟಿದ ಕೆಂಪು ಬಟ್ಟೆ ಗಾಜಿಗೆ ಪಟಪಟ ಬಡಿದು ಹೋಯಿತು. ಬೆಳಕು ಬಂತು.

ಅತ್ತಿಗೆ ಎದ್ದು ಕೂತರು. ಕೈಬ್ರೇಕನ್ನು ಅವರೇ ಎಳೆದರು.

“ಗಾಯ ಆಯ್ತಾ?” ಎಂದೆ.

“ಕೆಳಗಿಳಿ,” ಎಂದರು.

ಪೈಪಿನ ಗಾಡಿ ನಡಿಗೆಯ ವೇಗದಲ್ಲಿ ಮೇಲೇರಿ ಹೋಯಿತು. ಅದರಿಂದ ಧುಮುಕಿದ ಗಡ್ಡದವರು ಏದುಸಿರು ಬಿಡುತ್ತಾ ನಮ್ಮ ಕಡೆ ಬಂದರು. ಈ ಬೆಟ್ಟದಲ್ಲಿ ಅತ್ತಿಗೆಗಿಂತ ಹಳಬರು ಅವರೊಬ್ಬರೇ. ಬಾಗಿಲ ಮೇಲಿನ ಗೀರನ್ನು ಬೆರಳಿನಿಂದ ಅಳೆದರು.

“ಯಾರಮ್ಮಾ ನಿಮಗೆ ದಾರಿ ಕೊಟ್ಟಿದ್ದು?”

ಅತ್ತಿಗೆ ನನ್ನ ಕಡೆ ನೋಡಲಿಲ್ಲ. ಉತ್ತರದ ಜಾಗವನ್ನು ನನಗೆಂದು ಖಾಲಿ ಬಿಟ್ಟರು.

“ನಾನು,” ಎಂದೆ. “ಸಾಹೇಬರ ದನಿಯಲ್ಲಿ.”

ಗಡ್ಡದವರು ನನ್ನನ್ನು ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. “ನನ್ನ ದನಿ ಬರುತ್ತಾ?” ಎಂದು ಕೇಳಿದರು. ಗಂಭೀರವಾಗಿಯೇ ಕೇಳಿದರು. ಬರುತ್ತಿತ್ತು. ಅವರದು ಸುಲಭ. ತಲೆ ತಗ್ಗಿಸಿದೆ.

“ಇನ್ನು ನಾಲ್ಕು ತಿರುವಿದೆ. ನಾನು ಇಳಿಸ್ತೀನಿ,” ಎಂದರು ಅವರು ಅತ್ತಿಗೆಗೆ. “ಆದ್ರೆ ದಾರಿ ಸಿಗದೆ ಚಕ್ರ ಉರುಳಿಸಲ್ಲ. ಕೆಳಗಿಂದ ಇನ್ಯಾರನ್ನ ಬಿಟ್ಟಿದ್ದಾರೋ. ಫೋನು ಸಿಗೋದು ಐದರಲ್ಲೇ ಅಲ್ವಾ?”

ಅತ್ತಿಗೆ ತಮ್ಮ ಫೋನನ್ನು ನನ್ನ ಕೈಗೆ ಕೊಟ್ಟರು.

ಐದನೆಯ ತಿರುವಿನವರೆಗೆ ನಡೆಯಲು ಎಂಟು ನಿಮಿಷ ಬೇಕಾಯಿತು. ರಸ್ತೆಯ ಮೇಲೆ ನನ್ನದೇ ಟೈರಿನ ಕಪ್ಪು ಗುರುತು. ಸಾಹೇಬರು ಮೊದಲ ಗಂಟೆಗೇ ಎತ್ತಿದರು.

“ನಾನು ಸಾಹೇಬ್ರೇ. ಮೈದುನ. ಎಲ್ರೂ ಚೆನ್ನಾಗಿದ್ದೀವಿ. ಪೈಪಿನ ಗಾಡಿ ದಾಟಿಹೋಯ್ತು. ಗಡ್ಡದವರು ನಮ್ಮ ಹತ್ರ ಇದ್ದಾರೆ.” ಆಮೇಲೆ ಉಳಿದದ್ದನ್ನೂ ಹೇಳಿದೆ. ತೂಕದ ಕೋಣೆ, ಫೋನು, ದನಿ.

ಆಚೆ ಕಡೆ ಟೀ ಲೋಟವನ್ನು ಮೇಜಿನ ಮೇಲೆ ಇಟ್ಟ ಸದ್ದು ಕೇಳಿಸಿತು.

“ಹೇಗೆ ಹೇಳ್ದೆ?” ಎಂದರು ಸಾಹೇಬರು.

“ಏನು ಸಾಹೇಬ್ರೇ?”

“ನಾನು ಹೇಗೆ ಹೇಳಿದೆ ಅವ್ರಿಗೆ? ಹೇಳು. ಹಾಗೇ ಹೇಳು.”

ನಿಲ್ದಾಣದಲ್ಲಿ ನೂರು ಸಲ ತೆಗೆದ ದನಿ. ಜನ ಹೊಟ್ಟೆ ಹಿಡಿದು ನಕ್ಕ ದನಿ. ಬಾಯಿ ತೆರೆದೆ. “ನೋಡೀಮ್ಮಾ… ಯೋಚ್ನೆ ಮಾಡ್ದೆ…” ಮೂಗಿನವರೆಗೆ ಬಂದದ್ದು ಮೂಗಿನಲ್ಲೇ ಒದ್ದೆಯಾಯಿತು. ಕೊನೆಯ ಬಾಲದವರೆಗೂ ಹೇಳಿಸಿದರು.

“ಚೆನ್ನಾಗಿದೆ,” ಎಂದರು. “ನನ್ನ ಹೆಂಡತೀನೂ ನಂಬ್ತಿದ್ಲು. ಕೆಳಗೆ ಯಾರನ್ನೂ ಬಿಟ್ಟಿಲ್ಲ. ಗಡ್ಡದವರಿಗೆ ದಾರಿ ಕೊಟ್ಟಿದ್ದೀನಿ ಅಂತ ಹೇಳು.” ಇಟ್ಟುಬಿಟ್ಟರು.

ಓಡುತ್ತಾ ಇಳಿದೆ. ಗಡ್ಡದವರು ಸ್ಟಿಯರಿಂಗಿನ ಹಿಂದೆ ಕೂತಿದ್ದರು. ಅತ್ತಿಗೆ ಕೆಳಗೆ ನಿಂತು ಕನ್ನಡಿಯ ಚೂರುಗಳನ್ನು ಕಾಲಿನಿಂದ ರಸ್ತೆಯ ಬದಿಗೆ ಸರಿಸುತ್ತಿದ್ದರು.

“ಸಾಹೇಬ್ರು ದಾರಿ ಕೊಟ್ರು,” ಎಂದೆ. “ಕೆಳಗೆ ಯಾರೂ ಇಲ್ಲ. ಹೊರಡಬಹುದಂತೆ.”

ಗಡ್ಡದವರು ಎಂಜಿನ್ ಚಾಲೂ ಮಾಡಲಿಲ್ಲ. ಅತ್ತಿಗೆಯನ್ನು ನೋಡಿದರು. ಅತ್ತಿಗೆ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ ಆ ಮುಖದಲ್ಲಿ. ಸಿಟ್ಟಾದರೂ ಇದ್ದಿದ್ದರೆ ಹಿಡಿದುಕೊಳ್ಳಲು ಏನೋ ಇರುತ್ತಿತ್ತು.

“ನಿಜವಾಗ್ಲೂ ಅತ್ತಿಗೆ. ಅವ್ರೇ ಮಾತಾಡಿದ್ರು.”

“ಆಗ್ಲೂ ಅವ್ರೇ ಮಾತಾಡಿದ್ರು,” ಎಂದರು ಅತ್ತಿಗೆ. ಕೈ ಚಾಚಿದರು. ಫೋನು ಕೊಟ್ಟೆ.

“ನಾನೂ ಬರ್ತೀನಿ. ನಿಮಗೆ ಒಂದು ಕಡೆ ಕಾಣಲ್ಲ, ಅಂಚಿದೆ…”

“ಬೇಡ. ನಾನೇ ಕೇಳ್ಕೊಂಡು ಬರ್ತೀನಿ. ನೀನು ಚಕ್ರಕ್ಕೆ ಕಲ್ಲು ಕೊಡು.”

ಅವರು ಬೆಟ್ಟದ ಗೋಡೆಗೆ ಒಂದು ಕೈ ತಾಗಿಸಿಕೊಂಡು, ಊದಿದ ಕಣ್ಣನ್ನು ಬಿಸಿಲಿನಿಂದ ಆ ಕಡೆ ತಿರುಗಿಸಿ, ಐದನೆಯ ತಿರುವಿನತ್ತ ಹತ್ತತೊಡಗಿದರು. ನಾನು ರಸ್ತೆಯ ಬದಿಯಿಂದ ದೊಡ್ಡ ಕಲ್ಲೊಂದನ್ನು ಎರಡೂ ಕೈಯಲ್ಲಿ ಎತ್ತಿ ತಂದು ಮುಂದಿನ ಚಕ್ರದ ಕೆಳಗೆ ಒತ್ತಿ ಇಟ್ಟೆ. ಗಡ್ಡದವರು ಬಾಗಿಲು ತೆರೆದು ಇಳಿದು ಬಂದರು. ಬಗ್ಗಿ, ಕಲ್ಲನ್ನು ಬೂಟಿನಿಂದ ಎರಡು ಸಲ ಒದ್ದು ನೋಡಿದರು.